ಚಿಪ್ಪು ಒಡೆಯುತ್ತಿದ್ದ ಹಲ್ಲನ್ನು ಕಲ್ಲಿನಿಂದ ಬಿಡಿಸುವುದು ಹೇಗೆ?

ಹೊಳಪು ಬರಲಿ ಅಂತ ತಿಕ್ಕಿ ತಿಕ್ಕಿ ಗೆರೆಗಳನ್ನೇ ಅಳಿಸಿಹಾಕಿದ ಟೈಕೋಡಸ್ ಶಾರ್ಕಿನ ಪಳೆಯುಳಿಕೆ ಹಲ್ಲುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಕೋಟ್ಯಂತರ ವರ್ಷ ಕಲ್ಲಿನೊಳಗೆ ಹಾಳಾಗದೆ ಉಳಿದದ್ದು ಅರ್ಧ ಗಂಟೆಯ ಅವಸರಕ್ಕೆ ಹೋಗಿಬಿಡುತ್ತದೆ.

ಟೈಕೋಡಸ್ ಕ್ರಿಟೇಷಿಯಸ್ ಕಾಲದ ಶಾರ್ಕ್. ಡೈನೋಸಾರ್‌ಗಳು ನೆಲದ ಮೇಲಿದ್ದಾಗ ಇದು ಕಡಲಲ್ಲಿತ್ತು. 1830ರ ದಶಕದಲ್ಲಿ ಪ್ರಕೃತಿ ವಿಜ್ಞಾನಿ ಲೂಯಿ ಅಗಾಸಿ ಇದಕ್ಕೆ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ 'ಮಡಿಕೆಯ ಹಲ್ಲು' ಎಂದರ್ಥ. ಶಾರ್ಕ್ ಹಲ್ಲು ಅಂದ ತಕ್ಷಣ ನೆನಪಾಗುವ ಚೂಪು ತ್ರಿಕೋನ ಇದಕ್ಕಿಲ್ಲ. ಅಂಗಿಯ ಗುಂಡಿಯ ಹಾಗೆ ಉಬ್ಬಿದ ತಲೆ, ಅದರ ಮೇಲೆ ಸಾಲು ಸಾಲು ಏಣುಗಳು (ಎದ್ದ ಗೆರೆಗಳು), ಸುತ್ತಲೂ ಸಣ್ಣ ಕಾಳುಕಾಳಾದ ಅಂಚು. ಇಂಥ ನೂರಾರು ಹಲ್ಲುಗಳು ಚಪ್ಪಡಿ ಹಾಸಿದ ನೆಲದಂತೆ ದವಡೆ ತುಂಬ ಒತ್ತೊತ್ತಾಗಿ ಇರುತ್ತಿದ್ದವು. ಚಿಪ್ಪಿನ ಪ್ರಾಣಿಗಳನ್ನು ಒಡೆಯಲು ಅದೇ ಸಾಧನ.

ಈ ಮೀನಿನ ಬಗ್ಗೆ ಸುಮಾರು ಎರಡು ಶತಮಾನ ನಮಗೆ ಗೊತ್ತಿದ್ದದ್ದು ಬಹುಪಾಲು ಹಲ್ಲುಗಳಿಂದಲೇ. ಮೆಕ್ಸಿಕೋದ ವಯೆಸಿಯೋದಲ್ಲಿ ಸಿಕ್ಕ ಇಡೀ ದೇಹದ ಪಳೆಯುಳಿಕೆಗಳ ವಿವರ ಪ್ರಕಟವಾದದ್ದು 2024ರಲ್ಲಿ. ದೊಡ್ಡ ಬಿಳಿ ಶಾರ್ಕ್ ಇರುವ ಗುಂಪಿಗೇ ಇದೂ ಸೇರಿದ್ದು, ವೇಗವಾಗಿ ಈಜುವ ಮೈಕಟ್ಟು ಇದ್ದದ್ದು ಆಗ ತಿಳಿಯಿತು. ತಳದ ಚಿಪ್ಪುಗಳನ್ನಷ್ಟೇ ಅಲ್ಲ, ಸುರುಳಿ ಚಿಪ್ಪಿನ, ಈಜುವ ಅಮೊನೈಟ್‌ಗಳನ್ನೂ ಕಡಲಾಮೆಗಳನ್ನೂ ತಿಂದಿರಬಹುದು ಎಂದು ಸಂಶೋಧಕರು ಹೇಳಿದರು. ಏನು ತಿನ್ನುತ್ತಿತ್ತು ಎಂಬುದಕ್ಕೆ ಹಲ್ಲಿನ ಸವೆತವೂ ಸಾಕ್ಷಿ. ಅದನ್ನು ಉಳಿಸಿಕೊಂಡೇ ಸ್ವಚ್ಛ ಮಾಡಬೇಕು.

ಮೊದಲು ಜಾಗದವರ ಅನುಮತಿ, ಅಲ್ಲಿನ ಕಾನೂನು ನೋಡಿಕೊಳ್ಳಿ. ಕಲ್ಲಿನಲ್ಲಿರುವಾಗಲೇ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಸಂಖ್ಯೆ ಹಾಕಿದ ಚೀಟಿಯಲ್ಲಿ ಜಾಗ, ಪದರ, ದಿನಾಂಕ ಬರೆದಿಡಿ.

ಆಮೇಲೆ ಸುತ್ತ ನೋಡಿ. ಒಂದೇ ಕಲ್ಲಿನಲ್ಲಿ ನಾಲ್ಕೈದು ಹಲ್ಲು ಹತ್ತಿರ ಹತ್ತಿರ ಕಂಡರೆ ಕೈ ಹಾಕಬೇಡಿ. ಅವು ಒಂದೇ ಬಾಯಿಯವು ಇರಬಹುದು. ಯಾವುದು ಯಾವುದರ ಪಕ್ಕ ಇತ್ತು ಅನ್ನುವುದು ಬಿಡಿ ಹಲ್ಲುಗಳಿಗಿಂತ ದೊಡ್ಡ ಮಾಹಿತಿ. ಪಕ್ಕದಲ್ಲಿ ಮರಳಿನಂಥ ಪುಟ್ಟ ಹರಳುಗಳ ಹಾಳೆ ಕಂಡರೆ ಅದು ದವಡೆಯ ಮೆದುಮೂಳೆಯೇ ಇರಬಹುದು. ಅದನ್ನು ಕಸ ಅಂತ ಕೆರೆದು ಎಸೆದವರನ್ನು ನೋಡಿದ್ದೇನೆ. ಇಂಥ ಕಲ್ಲನ್ನು ಹಾಗೇ ಮ್ಯೂಸಿಯಮ್ಮಿಗೆ ಕೊಡಿ.

ಒಂಟಿ ಹಲ್ಲಾದರೆ ಮುಂದುವರಿಯಿರಿ. ಅದೇ ಕಲ್ಲಿನ ಬೇರೆ ಚೂರಿನ ಮೇಲೆ ಒಂದು ಹನಿ ನೀರು ಬಿಡಿ. ಕೆಸರಾದರೆ ಪೂರ್ತಿ ಒಣ ಕೆಲಸ. ಹಿತ್ತಾಳೆ ಬಣ್ಣದ ಪೈರೈಟ್ ಕಣಗಳು ಮಿನುಗಿದರೂ ನೀರು ಬೇಡ. ತೇವ ತಾಗಿದರೆ ಅದು ನಿಧಾನವಾಗಿ ಕೆಟ್ಟು, ಹಲ್ಲನ್ನೂ ಸೀಳುತ್ತದೆ.

ಹಲ್ಲಿನ ಬೇರು ಸಣ್ಣ ತೂತುಗಳಿಂದ ತುಂಬಿರುತ್ತದೆ, ಮೊದಲು ಪುಡಿಯಾಗುವುದು ಅದೇ. ಪ್ಯಾರಾಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ಅಂಟಿನ ಹರಳುಗಳನ್ನು ಅಸಿಟೋನಿನಲ್ಲಿ ಕರಗಿಸಿ, 100 ಮಿಲಿಗೆ 5 ಗ್ರಾಂನಷ್ಟು ತೆಳ್ಳಗೆ. ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ. ಒಣಗಿದ ಬೇರಿಗೆ ಬ್ರಷ್ಷಿನಿಂದ ಹನಿಹನಿಯಾಗಿ ಕುಡಿಸಿ. ತಪ್ಪಾದರೆ ಅಸಿಟೋನಿನಿಂದಲೇ ಮತ್ತೆ ತೆಗೆಯಬಹುದು. ಸೂಪರ್ ಗ್ಲೂ ಮತ್ತು ವಾರ್ನಿಶ್ ಮಾತ್ರ ಬೇಡವೇ ಬೇಡ. ಮೊದಲ ದಿನ ಚಂದ ಕಾಣುತ್ತವೆ. ಆಮೇಲೆ ಹಳದಿಯಾಗುತ್ತವೆ, ಬಿಡಿಸುವುದೂ ಕಷ್ಟ.

ಈಗ ಎಲ್ಲರೂ ಎಡವುವ ಜಾಗ: ಏಣುಗಳ ನಡುವಿನ ಕಲ್ಲು ತೆಗೆಯುವುದು.

ಗಟ್ಟಿತನದ ಲೆಕ್ಕ ಒಂದು ತಲೆಯಲ್ಲಿರಲಿ. ಮೋಸ್ ಅಳತೆಯಲ್ಲಿ ಸುಣ್ಣಕಲ್ಲಿನ ಕ್ಯಾಲ್ಸೈಟ್ 3, ಹಲ್ಲಿನ ಅಪಟೈಟ್ 5. ಸೂಜಿಯ ಉಕ್ಕು ಅದಕ್ಕಿಂತಲೂ ಗಟ್ಟಿ. ಅಂದರೆ ಸೂಜಿ ಕಲ್ಲನ್ನಷ್ಟೇ ಅಲ್ಲ, ಹಲ್ಲನ್ನೂ ಕೆರೆಯಬಲ್ಲದು. ಹಾಗಾಗಿ ಉಕ್ಕಿನ ಸೂಜಿ ಹಲ್ಲಿಗೆ ಒಂದು ಮಿಲಿಮೀಟರ್ ದೂರದವರೆಗೆ ಮಾತ್ರ. ಅಲ್ಲಿಂದ ಮುಂದೆ ಚೂಪು ಮಾಡಿದ ಬಿದಿರುಕಡ್ಡಿ. ತುದಿ ಮೊಂಡಾದ ಹಾಗೆಲ್ಲ ಮತ್ತೆ ಚೂಪು ಮಾಡಿ. ಒಂದು ಹಲ್ಲಿಗೆ ಹತ್ತು ಕಡ್ಡಿ ಹೋದರೂ ಜಾಸ್ತಿ ಅಲ್ಲ.

ದೀಪ ಮೇಲಿನಿಂದ ಬೇಡ, ಪಕ್ಕದಿಂದ ಓರೆಯಾಗಿ ಬೀಳಲಿ. ಆಗ ಪ್ರತಿ ಏಣಿನ ಪಕ್ಕದಲ್ಲೂ ನೆರಳು ಬಂದು ಹಲ್ಲು ಎಲ್ಲಿ, ಕಲ್ಲು ಎಲ್ಲಿ ಅಂತ ಕಾಣುತ್ತದೆ. ಭೂತಗನ್ನಡಿ ಇರಲೇಬೇಕು. ಹಲ್ಲನ್ನು ಬೆರಳಲ್ಲಿ ಹಿಡಿಯಬೇಡಿ, ಮರಳು ತುಂಬಿದ ಪುಟ್ಟ ಬಟ್ಟೆಚೀಲದ ಮೇಲೆ ಕೂರಿಸಿ. ಕಡ್ಡಿ ಏಣಿನ ಉದ್ದಕ್ಕೆ ಓಡಲಿ. ಅಡ್ಡಕ್ಕೆ ಎಳೆದರೆ ಏಣಿನ ತುದಿ ಚಕ್ಕೆ ಏಳುತ್ತದೆ. ನೀರಿಗೆ ಕೆಸರಾಗದ ಕಲ್ಲಾದರೆ ಒಂದೇ ಹನಿ ಇಟ್ಟು, ಮೆತ್ತಗಾದಷ್ಟು ಎತ್ತಿ, ಮೆದು ಬ್ರಷ್ಷಿನಿಂದ ಒರೆಸಿ. ಹೀಗೆ ಏಣುಗಳ ನಡುವಿನ ಒಂದೊಂದೇ ತೋಡನ್ನು ಬಿಡಿಸುತ್ತ ಹೋಗಿ.

ಅಂಚಿಗೆ ಬಂದಾಗ ಇನ್ನೂ ನಿಧಾನ. ಅಲ್ಲಿನ ಕಾಳುಗಳು ಕಲ್ಲಿನ ಕಣದಂತೆಯೇ ಕಾಣುತ್ತವೆ, ಸುಮ್ನೆ ಕೆರೆದರೆ ಹೋದವು. ಇನ್ನೊಂದು ವಿಷಯ: ಹಲ್ಲಿನ ತಲೆ ಬೇರಿಗಿಂತ ಅಗಲ, ಸೂರಿನ ಹಾಗೆ ಹೊರಗೆ ಚಾಚಿರುತ್ತದೆ. ಅದರ ಕೆಳಗೆ ಸೂಜಿ ತೂರಿಸಿ ಮೀಟಿದರೆ ಅಂಚು ಪಟ್ಟನೆ ಒಡೆಯುತ್ತದೆ. ನಾನು ಒಂದು ಒಳ್ಳೆಯ ಹಲ್ಲನ್ನು ಹೀಗೇ ಕಳೆದುಕೊಂಡೆ. ಅಂದಿನಿಂದ ಬೇರಿನ ಕೆಳಗಿನ ಕಲ್ಲನ್ನು ಹಾಗೇ ಬಿಡುತ್ತೇನೆ. ಪೂರ್ತಿ ಬಿಡಿಸಿದ ಹಲ್ಲಿಗಿಂತ ಕಲ್ಲಿನ ಪೀಠದ ಮೇಲೆ ಕೂತ ಹಲ್ಲೇ ಚಂದ, ಭದ್ರ ಕೂಡ. ನೀವೂ ಹಾಗೇ ಮಾಡಿ.

ವಿನೆಗರಿನಲ್ಲಿ ನೆನೆಹಾಕಿ ಅಂತ ಹೇಳುವವರು ಸಿಗುತ್ತಾರೆ. ಸುಣ್ಣ ಕರಗುತ್ತದೆ, ನಿಜ. ಆದರೆ ಆಮ್ಲ ಹಲ್ಲನ್ನೂ ತಿನ್ನುತ್ತದೆ, ಅದರಲ್ಲೂ ಬೇರನ್ನು. ಪ್ರಯೋಗಾಲಯದಲ್ಲಿ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲಕ್ಕೆ ಮೊದಲೇ ಕ್ಯಾಲ್ಸಿಯಂ ಫಾಸ್ಫೇಟ್ ಸೇರಿಸಿ, ಹಲ್ಲು ಕರಗದಂತೆ ನೋಡಿಕೊಳ್ಳುತ್ತಾರೆ. ಆ ಸಿದ್ಧತೆ ಇಲ್ಲದೆ ಆಮ್ಲದ ತಂಟೆ ಬೇಡ. ಟೂತ್‌ಪೇಸ್ಟ್ ಕೂಡ ಬೇಡ, ಅದರಲ್ಲಿ ಉಜ್ಜುವ ಪುಡಿ ಇರುತ್ತದೆ. ತಲೆಯ ಮೇಲೆ ನುಣ್ಣಗೆ ಸವೆದ ಜಾಗ ಇದ್ದರೆ ಅದು ದೋಷವಲ್ಲ. ಆ ಶಾರ್ಕ್ ಬದುಕಿದ್ದಾಗ ತಿಂದು ತಿಂದು ಸವೆದದ್ದು.

ಮುರಿದ ಚೂರು ಅಂಟಿಸಲು ಅದೇ ಪ್ಯಾರಾಲಾಯ್ಡ್, ಗಟ್ಟಿಯಾಗಿ ಕಲಸಿಕೊಂಡರೆ ಸಾಕು.

ಇನ್ನು ಜಾತಿ ಗುರುತಿಸಬಹುದು. ಎತ್ತರದ ತಲೆಯ ತುದಿಯಿಂದ ಏಣುಗಳು ಸುತ್ತಲೂ ಹರಡಿದ್ದರೆ ಟೈಕೋಡಸ್ ಮಾರ್ಟನಿ, ಅಮೆರಿಕದ ಕ್ಯಾನ್ಸಸ್‌ನ ನಯೊಬ್ರಾರಾ ಸುಣ್ಣಪದರದಲ್ಲಿ ಸಿಗುವಂಥದ್ದು. ತಲೆ ತಗ್ಗಾಗಿದ್ದು, ಏಣುಗಳು ಅಂಚಿನವರೆಗೂ ಹರಿದಿದ್ದರೆ ಡಿಕರೆನ್ಸ್. ಕಿರಿದಾಗಿ ಎದ್ದ ತಲೆ, ಅದರ ಸುತ್ತ ಬೇರೆಯಾಗಿಯೇ ಕಾಣುವ ಅಂಚು ಇದ್ದರೆ ವಿಪ್ಲಿಯೈ. ಅಂಚು ಕೆರೆದುಹೋದ ಹಲ್ಲಿನಲ್ಲಿ ಇದನ್ನು ಹೇಳುವುದೇ ಕಷ್ಟ.

ಉದುರಿದ ಕಲ್ಲುಪುಡಿಯನ್ನು ಗುಡಿಸಿ ಚೆಲ್ಲಬೇಡಿ. ಪುಟ್ಟ ಡಬ್ಬಿಗೆ ಹಾಕಿ, ಹಲ್ಲಿನ ಚೀಟಿಯ ಸಂಖ್ಯೆಯನ್ನೇ ಅದಕ್ಕೂ ಬರೆಯಿರಿ. ಅದರೊಳಗಿನ ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪುಗಳನ್ನು ನೋಡಿ ಆ ಪದರದ ವಯಸ್ಸನ್ನು ತಜ್ಞರು ಹೇಳಬಲ್ಲರು.