ಕೊಯ್ತಾ ಕೊಳ್ಳುವಾಗ ಬಾಯಿ ನೋಡಬೇಡಿ, ಬೆನ್ನು ನೋಡಿ

ಎರಡು ವರ್ಷಗಳ ಹಿಂದೆ ಜಾಂಬೋಟಿಯ ಆಚೆ ಸ್ನೇಹಿತರೊಬ್ಬರ ಗೇರು ತೋಟದಲ್ಲಿ ಗುಡಾರ ಹಾಕಿದ್ದೆವು. ಮೊಬೈಲಿನಲ್ಲಿ ನೋಡಿ ತರಿಸಿಕೊಂಡಿದ್ದ ಮಚ್ಚೊಂದು ನನ್ನ ಬಳಿ ಇತ್ತು: ಕಪ್ಪು ಬಣ್ಣ, ಬೆನ್ನಿನ ಮೇಲೆ ಗರಗಸದ ಹಲ್ಲು, ಹಿಡಿಕೆಯ ತುದಿಯಲ್ಲಿ ದಿಕ್ಸೂಚಿ. ಒಣಗಿದ ಮತ್ತಿ ಕೊಂಬೆಗೆ ಐದಾರು ಏಟು ಹಾಕುವಷ್ಟರಲ್ಲಿ ಹಿಡಿಕೆ ನನ್ನ ಕೈಯಲ್ಲಿ ಉಳಿಯಿತು, ಅಲಗು ಗುಡಾರದ ಕಡೆಗೆ ಹಾರಿತು. ಯಾರಿಗೂ ತಾಗಲಿಲ್ಲ, ನಮ್ಮ ಪುಣ್ಯ. ಬಿಚ್ಚಿ ನೋಡಿದರೆ ಟೊಳ್ಳು ಪ್ಲಾಸ್ಟಿಕ್ ಹಿಡಿಕೆಯೊಳಗೆ ಅಲಗಿನ ಬಾಲ ಇದ್ದದ್ದು ಹೆಬ್ಬೆರಳಿನಷ್ಟು ಮಾತ್ರ. ಆ ರಾತ್ರಿಯ ಅಡುಗೆಗೆ ಕಟ್ಟಿಗೆ ಒದಗಿಸಿದ್ದು ತೋಟ ನೋಡಿಕೊಳ್ಳುವ ಕಾಕಾ ಅವರ ಕೊಯ್ತಾ. ಅದಕ್ಕೆ ಬಣ್ಣವಿರಲಿಲ್ಲ, ದಿಕ್ಸೂಚಿಯೂ ಇರಲಿಲ್ಲ. ಹಿಡಿಕೆಗೆ ಸೈಕಲ್ ಟ್ಯೂಬ್ ಸುತ್ತಿದ್ದರು.

ಅಚ್ಚಿನ ಕನ್ನಡದಲ್ಲಿ ಮಚ್ಚು ಎಂದರೆ ಅಪರಾಧ ಸುದ್ದಿಯ ವಾಸನೆ ಬರುತ್ತದೆ. ಬೆಳಗಾವಿ ಸೀಮೆಯಲ್ಲಿ ಕೊಯ್ತಾ ಎಂದರೆ ಕಬ್ಬು ಕಡಿಯುವ ಗ್ಯಾಂಗು ಕಣ್ಣ ಮುಂದೆ ಬರುತ್ತದೆ. ಹಾಗಾಗಿ ಇಲ್ಲಿ ಕೊಯ್ತಾ ಎಂದೇ ಬರೆಯುತ್ತೇನೆ.

ಮೊದಲು ಕೆಲಸ ಹೇಳಿ

ಆ ಪ್ರವಾಸದಿಂದ ಮರಳಿದ ವಾರವೇ ಖಾನಾಪುರ ರಸ್ತೆಯ ಹಳ್ಳಿಯೊಂದರಲ್ಲಿ ಕಂಬಾರರ ಕುಲುಮೆಯ ಮುಂದೆ ನಿಂತು, ‘ಒಂದು ಗಟ್ಟಿ ಕೊಯ್ತಾ ಬೇಕು’ ಎಂದೆ. ಅವರು ತಲೆ ಎತ್ತದೆ, ‘ಏನು ಕಡಿಯುತ್ತೀ ತಮ್ಮಾ?’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಅಂಗಡಿಗೆ ಹೋಗುವ ಮುನ್ನ ನೀವು ಈ ಉತ್ತರವನ್ನು ಸಿದ್ಧ ಮಾಡಿಕೊಳ್ಳಿ.

ಹುಲ್ಲು, ಕಬ್ಬು, ಲಂಟಾನದ ಎಳೆಯ ಪೊದೆ ಇವೆಲ್ಲ ಹಸಿ ಮತ್ತು ಮೆದು. ಇವುಗಳನ್ನು ಕತ್ತರಿಸುವುದು ಬೀಸಿನ ವೇಗ, ಅಲಗಿನ ತೂಕವಲ್ಲ. ಇದಕ್ಕೆ 16ರಿಂದ 18 ಇಂಚು ಉದ್ದದ, 2–3 ಮಿ.ಮೀ. ದಪ್ಪದ ತೆಳು ಅಲಗು ಸಾಕು. ಲ್ಯಾಟಿನ್ ಅಮೆರಿಕದ ರೈತರು ಬಳಸುವ ‘ಮಷೆಟೆ’ ಇದೇ ಜಾತಿಯದು. ಗಟ್ಟಿ ಮರಕ್ಕಾಗಿ ಹುಟ್ಟಿದ್ದಲ್ಲ. ಒಣ ಕಟ್ಟಿಗೆ ಸೀಳಬೇಕೆಂದರೆ ಲೆಕ್ಕ ತಿರುಗಿಬೀಳುತ್ತದೆ: 10–12 ಇಂಚಿನ ಗಿಡ್ಡ ಅಲಗು, 5 ಮಿ.ಮೀ. ಆಸುಪಾಸಿನ ಬೆನ್ನು. ಬಾಗಲಕೋಟೆ, ವಿಜಯಪುರದ ಕಡೆ ಬಳ್ಳಾರಿ ಜಾಲಿಯ ಕಾಟವಿರುವವರಿಗೆ ತುದಿ ಕೊಕ್ಕಿನಂತೆ ಬಾಗಿರುವುದು ಉತ್ತಮ. ಮುಳ್ಳಿನ ಕೊಂಬೆಯನ್ನು ಕೈಯಿಂದ ಮುಟ್ಟದೆ ಎಳೆದುಕೊಂಡು ಕಡಿಯಬಹುದು. ಅದೇ ಕೊಕ್ಕು ನೆಲದ ಮಟ್ಟದಲ್ಲಿ ಕಡಿಯುವಾಗ ಕಲ್ಲಿಗೆ ಬಡಿಯುತ್ತದೆ ಎಂಬುದನ್ನೂ ನೆನಪಿಡಿ.

ಗುಡಾರ, ಒಲೆ, ದಾರಿಗೆ ಅಡ್ಡವಾದ ಕೊಂಬೆ, ಸ್ವಲ್ಪ ಬಿದಿರು, ಇಷ್ಟೇ ಕೆಲಸವೆನ್ನುವವರಿಗೆ ನನ್ನ ಅಳತೆ ಹೀಗಿದೆ: 12 ಇಂಚಿನ ಅಲಗು, ಹಿಡಿಕೆಯ ಬಳಿ 4 ಮಿ.ಮೀ. ಬೆನ್ನು, ಅದು ತುದಿಗೆ ಹೋಗುತ್ತ ತೆಳುವಾಗಬೇಕು, ಒಟ್ಟು ತೂಕ ಅರ್ಧ ಕಿಲೋ ಸುಮಾರು. ಬುಡದಿಂದ ತುದಿಯವರೆಗೆ ಒಂದೇ ದಪ್ಪವಿದ್ದರೆ ಅದು ಪಟ್ಟಿಯನ್ನು ಕತ್ತರಿಸಿ ಮಾಡಿದ ಮಾಲು, ಬಡಿದು ಮಾಡಿದ್ದಲ್ಲ. ಹತ್ತು ನಿಮಿಷ ಬೀಸಿದರೆ ಮಣಿಕಟ್ಟೇ ಆ ವ್ಯತ್ಯಾಸ ಹೇಳುತ್ತದೆ.

ಗಟ್ಟಿತನ ಇರುವುದು ಹದದಲ್ಲಿ

ದಪ್ಪಗಿದ್ದರೆ ಗಟ್ಟಿ ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದ್ದೆ. ಮೆದು ಕಬ್ಬಿಣದ ದಪ್ಪ ಪಟ್ಟಿ ಭಾರವಾಗಿರುತ್ತದೆ, ಆದರೆ ನಾಲ್ಕು ಏಟಿಗೆ ಬಾಯಿ, ಅಂದರೆ ಹರಿತದ ಅಂಚು, ಮಡಚಿಕೊಳ್ಳುತ್ತದೆ. ಅತಿ ಬಿರುಸಾದ ಉಕ್ಕು ಬಾಯಿ ಹಿಡಿದುಕೊಳ್ಳುತ್ತದೆ, ಆದರೆ ಗಂಟಿಗೆ ಬಿದ್ದ ದಿನ ಕಚ್ಚು ಬೀಳುತ್ತದೆ, ಇಲ್ಲವೇ ಎರಡಾಗುತ್ತದೆ. ನಮಗೆ ಬೇಕಾದದ್ದು ಬಾಯಿಯಲ್ಲಿ ಬಿರುಸು, ಬೆನ್ನಿನಲ್ಲಿ ಬಾಗಿ ಬರುವ ಗುಣ.

ಕಿಟಕಿ, ಗೇಟುಗಳಿಗೆ ಬಳಸುವ ಸಾಧಾರಣ ಕಬ್ಬಿಣದಲ್ಲಿ ಇಂಗಾಲದ ಅಂಶ ಶೇ 0.2ರ ಆಸುಪಾಸು. ಅದನ್ನು ಎಷ್ಟೇ ಕಾಯಿಸಿ ನೀರಿಗೆ ಹಾಕಿದರೂ ಹೇಳಿಕೊಳ್ಳುವಷ್ಟು ಬಿರುಸಾಗುವುದಿಲ್ಲ. ಲಾರಿಯ ಕಮಾನು ಪಟ್ಟಿಯಲ್ಲಿ ಅದು ಸಾಮಾನ್ಯವಾಗಿ ಶೇ 0.5ರಿಂದ 0.6ರಷ್ಟಿರುತ್ತದೆ. ಹದ ಹಿಡಿಯಲು ಅಷ್ಟು ಬೇಕು. ಸಾವಿರಾರು ಸಲ ಬಾಗಿ ನೆಟ್ಟಗಾಗಲೆಂದೇ ಮಾಡಿದ ಉಕ್ಕದು. ಊರೂರಿನ ಕಂಬಾರರು ಗುಜರಿಯಲ್ಲಿ ಅದನ್ನೇ ಹುಡುಕುವುದು ಸುಮ್ಮನೆ ಅಲ್ಲ. ಒಂದು ಎಚ್ಚರಿಕೆ ಇದೆ. ಹಳೆಯ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು, ಅದರಲ್ಲೂ ನಡುವಿನ ಬೋಲ್ಟಿನ ತೂತಿನ ಸುತ್ತ. ಆ ತೂತು ಅಲಗಿನ ಯಾವ ಭಾಗದಲ್ಲೂ ಉಳಿಯಬಾರದು. ನೀವೇ ಹೇಳಿ ಮಾಡಿಸುತ್ತಿದ್ದರೆ ತುದಿಯ ಕಡೆಯ ತುಂಡನ್ನು ತೆಗೆದುಕೊಳ್ಳಲು ಕೇಳಿ.

ಹದ ಹಾಕುವುದನ್ನು ಒಮ್ಮೆ ನಿಂತು ನೋಡಿ. ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ತಿದಿಯ ಗಾಳಿಗೆ ಅಲಗು ಕೆಂಪಾಗುತ್ತ ಹೋಗುತ್ತದೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಅಯಸ್ಕಾಂತ ಅದಕ್ಕೆ ಅಂಟುವುದಿಲ್ಲ. ಇನ್ನೂ ತುಸು ಕಾಯಿಸಿ ಬಾಯಿಯ ಭಾಗವನ್ನು ಎಣ್ಣೆಗೆ ಅಥವಾ ನೀರಿಗೆ ಅದ್ದುತ್ತಾರೆ. ಕಮಾನು ಪಟ್ಟಿಯ ಉಕ್ಕಿಗೆ ಎಣ್ಣೆಯೇ ಸರಿ. ತಣ್ಣೀರಿಗೆ ಹಾಕಿದರೆ ಸೀಳುವ ಅಪಾಯ ಹೆಚ್ಚು. ಈ ಹಂತದಲ್ಲಿ ಅಲಗು ಗಾಜಿನಂತೆ ಬಿರುಸು, ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಒಡೆದೀತು. ಅದಕ್ಕೇ ಮತ್ತೆ ಹಗುರವಾಗಿ ಕಾಯಿಸುತ್ತಾರೆ. ಉಜ್ಜಿ ಹೊಳಪು ಮಾಡಿದ ಉಕ್ಕಿನ ಮೇಲೆ ಬಣ್ಣಗಳು ಒಂದರ ಹಿಂದೆ ಒಂದು ಓಡುತ್ತವೆ: 220 ಡಿಗ್ರಿಯ ಸುಮಾರಿಗೆ ಒಣ ಹುಲ್ಲಿನ ಹಳದಿ, 250ಕ್ಕೆ ಕಂದು, 280ಕ್ಕೆ ನೇರಳೆ, 300ಕ್ಕೆ ನೀಲಿ. ಹಳದಿಯಲ್ಲೇ ನಿಲ್ಲಿಸಿದ ಉಕ್ಕು ಸಣ್ಣ ಚಾಕುವಿಗೆ ಚೆನ್ನ, ಬೀಸಿ ಕಡಿಯುವ ಕೊಯ್ತಾಕ್ಕೆ ಅಲ್ಲ. ಇದಕ್ಕೆ ನೇರಳೆ ದಾಟಿ ನೀಲಿ ಹತ್ತುವ ಹೊತ್ತು ಬೇಕು. ನಾನು ಹೋಗಿದ್ದ ಕುಲುಮೆಯ ಕಾಕಾ ಡಿಗ್ರಿ ಲೆಕ್ಕ ಹೇಳಲಿಲ್ಲ. ‘ನೇರಳೆ ಹಣ್ಣಿನ ಬಣ್ಣ ಬಾಯಿಗೆ ಬಂದಾಗ ತೆಗೆಯಬೇಕು’ ಎಂದರು.

ಅಂಗಡಿಯ ಕೊಯ್ತಾದ ಅಂಚಿನಲ್ಲಿ ಅಲ್ಲಲ್ಲಿ ನೀಲಿ ಮಚ್ಚೆ ಕಂಡರೆ ಇದೇ ಹದವೆಂದು ಮೋಸಹೋಗಬೇಡಿ. ಅದು ಹದವಾದ ಮೇಲೆ ಗ್ರೈಂಡರಿಗೆ ಹಿಡಿದು ಸುಟ್ಟ ಗುರುತು. ಆ ಜಾಗದಲ್ಲಿ ಹದ ಹೋಗಿರುತ್ತದೆ, ಮೊದಲು ಮಡಚುವುದೂ ಅಲ್ಲೇ.

ಮಳೆಗಾಲದಲ್ಲಿ ಕಣಕುಂಬಿ ಕಡೆಗೆ ಹೋಗುವವರು ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಬೇಕೆನ್ನುತ್ತಾರೆ. ಅಡುಗೆಮನೆಯ ಚಾಕುವಿಗೆ ಸರಿ. ಉದ್ದ ಅಲಗಿನಲ್ಲಿ, ಏಟು ತಿನ್ನುವ ಕೆಲಸದಲ್ಲಿ, ಅಗ್ಗದ ಸ್ಟೇನ್‌ಲೆಸ್ಸನ್ನು ನಾನು ನಂಬುವುದಿಲ್ಲ. ತುಕ್ಕನ್ನು ಎಣ್ಣೆ ಹಚ್ಚಿ ತಡೆಯಬಹುದು, ಮುರಿದ ಅಲಗನ್ನು ಏನು ಮಾಡುವುದು?

ಹಿಡಿಕೆ ಮತ್ತು ಬಾಲ

ಅಲಗಿನ ಉಕ್ಕು ಹಿಡಿಕೆಯ ಕೊನೆಯವರೆಗೂ ಒಂದೇ ತುಂಡಾಗಿ ಹೋಗಿ, ಎರಡು ಕಡೆ ಮರದ ಹಲಗೆ ಕೂಡಿಸಿ ಮೂರು ರಿವೆಟ್ ಹೊಡೆದಿದ್ದರೆ ಅದನ್ನೇ ಆರಿಸಿ. ಊರ ಕೊಯ್ತಾಗಳಲ್ಲಿ ಇನ್ನೊಂದು ಪದ್ಧತಿ ಇದೆ. ಮೊನಚಾದ ಬಾಲವನ್ನು ಕೆಂಪಗೆ ಕಾಯಿಸಿ ಮರದೊಳಗೆ ಸುಟ್ಟು ಇಳಿಸುತ್ತಾರೆ, ಹಿಡಿಕೆಯ ಬಾಯಿಗೆ ಕಬ್ಬಿಣದ ಬಳೆ ಹಾಕುತ್ತಾರೆ. ಇದೂ ಕೆಟ್ಟದ್ದಲ್ಲ, ಆದರೆ ಬಾಲ ಹಿಡಿಕೆಯನ್ನು ದಾಟಿ ಹೊರಬಂದು ತುದಿಯಲ್ಲಿ ಮಡಚಿರಬೇಕು. ಬೇಸಿಗೆಯಲ್ಲಿ ಮರ ಕುಗ್ಗಿ ಸಡಿಲವಾದಾಗ ನೀರಿನಲ್ಲಿ ನೆನೆಹಾಕುವವರಿದ್ದಾರೆ. ಒಣಗಿದ ಮೇಲೆ ಮತ್ತೆ ಸಡಿಲ. ಬಳೆಯನ್ನು ಬಿಗಿ ಮಾಡಿಸುವುದೇ ದಾರಿ.

ಮರ ಜಾಲಿಯದಾದರೆ ಚಿಂತೆಯಿಲ್ಲ, ದಿಂಡಲದ್ದಾದರೆ ಇನ್ನೂ ಒಳ್ಳೆಯದು. ಹಿಡಿಕೆಯ ತುದಿ ಉಬ್ಬಿರಲಿ, ಬೆವರಿದ ಕೈ ಜಾರಿದಾಗ ಕಿರುಬೆರಳು ಅಲ್ಲಿ ತಡೆಯುತ್ತದೆ. ಮಣಿಕಟ್ಟಿಗೆ ಹಗ್ಗದ ಕುಣಿಕೆ ಹಾಕಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಜಾರಿದ ಕೊಯ್ತಾ ದೂರ ಬೀಳಲಿ, ತಿರುಗಿ ನನ್ನ ಕೈಗೇ ಬರುವುದು ಬೇಡ. ಬೆನ್ನಿನ ಮೇಲಿನ ಗರಗಸದ ಹಲ್ಲುಗಳ ಬಗ್ಗೆ ಹೇಳುವುದು ಇಷ್ಟೇ: ಅವು ಏನನ್ನೂ ಕೊಯ್ಯುವುದಿಲ್ಲ, ಪ್ರತಿ ಹಲ್ಲಿನ ಬುಡವೂ ಬಿರುಕು ಹುಟ್ಟುವ ಜಾಗ.

ಅಂಗಡಿಯಲ್ಲಿ ನಿಂತು ಮಾಡುವ ಪರೀಕ್ಷೆ

ಐದು ನಿಮಿಷದ ಕೆಲಸ. ಮೊದಲು ಅಲಗನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬೆನ್ನಿನುದ್ದಕ್ಕೂ ನೋಡಿ, ಸೊಟ್ಟ ಇದ್ದರೆ ಅಲ್ಲೇ ಇಟ್ಟುಬಿಡಿ. ಹಿಡಿಕೆಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ನಾಣ್ಯದಿಂದ ಬೆನ್ನಿಗೆ ತಟ್ಟಿ. ಗಂಟೆಯ ನಾದ ಎಲ್ಲ ಕೊಯ್ತಾಗಳಿಗೂ ಬಾರದು, ಆದರೆ ಒಡೆದ ಮಡಕೆಯ ಸದ್ದು ಬಂದರೆ ಎಲ್ಲೋ ಬಿರುಕಿದೆ ಅಥವಾ ಹಿಡಿಕೆ ಸಡಿಲವಿದೆ. ಮುಂದೆ ಅರ. ಚೀಲದಲ್ಲೊಂದು ಸಣ್ಣ ಅರ ಒಯ್ಯಿರಿ. ಅಂಗಡಿಯವರು ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ, ಕೇಳಿಯೇ ಉಜ್ಜಿ. ಬಾಯಿಯ ಮೇಲೆ ಅರ ಗಾಜಿನ ಮೇಲಿನಂತೆ ಜಾರಿದರೆ ಅತಿ ಬಿರುಸು; ಬೆಲ್ಲ ಕೆರೆದಂತೆ ಇಳಿದರೆ ಮೆದು ಕಬ್ಬಿಣ. ಕಷ್ಟಪಟ್ಟು, ತುಸುವೇ ಕಚ್ಚಬೇಕು.

ಕೊನೆಯದಾಗಿ ತುದಿಯನ್ನು ಹಲಗೆಗೆ ಒತ್ತಿ ಅಲಗನ್ನು ಪಕ್ಕಕ್ಕೆ ಸ್ವಲ್ಪ ಬಾಗಿಸಿ. ಬಿಟ್ಟ ಕೂಡಲೇ ನೆಟ್ಟಗಾಗಬೇಕು. ಬಾಗಿದ್ದು ಬಾಗಿದಂತೆಯೇ ಉಳಿದರೆ ಹದವಿಲ್ಲ. ದಪ್ಪ ಬೆನ್ನಿನ ಗಿಡ್ಡ ಕೊಯ್ತಾದ ಮೇಲೆ ಈ ಸಾಹಸ ಬೇಡ. ಅದಕ್ಕೆ ಒಣ ಜಾಲಿಯ ತುಂಡೊಂದನ್ನು ಕಡಿದು, ಬಾಯಿಯನ್ನು ಬೆಳಕಿಗೆ ಹಿಡಿಯುವುದೇ ಪರೀಕ್ಷೆ. ಬಾಯಿಯುದ್ದಕ್ಕೂ ಎಲ್ಲಾದರೂ ಬಿಳಿ ಮಿಂಚು ಕಂಡರೆ ಅಲ್ಲಿ ಮಡಚಿದೆ ಎಂದು ಅರ್ಥ.

ಹರಿತ ಇದೆಯೇ ಎಂದು ಹೆಬ್ಬೆರಳಿನಿಂದ ನೋಡುವವರನ್ನು ಕಂಡು ನಮ್ಮ ಕುಲುಮೆಯ ಕಾಕಾ ನಗುತ್ತಾರೆ. ‘ಬಾಯಿಯನ್ನು ನಾಳೆ ಬೇಕಾದರೂ ಮಸೆಯಬಹುದು. ಬೆನ್ನನ್ನು ಮಸೆಯಲು ಬರುತ್ತದೆಯೇ?’

ಜೊತೆಗೆ ಒಯ್ಯುವ ಮುನ್ನ

1959ರ ಶಸ್ತ್ರಾಸ್ತ್ರ ಕಾಯ್ದೆಯಡಿ 2016ರಲ್ಲಿ ಬಂದ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಹರಿತ ಆಯುಧಗಳನ್ನು ಶಸ್ತ್ರಗಳ ಪಟ್ಟಿಯಲ್ಲಿ ಸೇರಿಸುತ್ತವೆ. ಮನೆ, ಕೃಷಿ, ಕೈಗಾರಿಕೆಯ ಬಳಕೆಗೆಂದು ಇರುವವು ಇದರಿಂದ ಹೊರಗೆ. ಹೊಲದಲ್ಲಿ ಕೊಯ್ತಾ ಹಿಡಿದವರನ್ನು ಯಾರೂ ಕೇಳುವುದಿಲ್ಲ. ರಾತ್ರಿ ಹತ್ತಕ್ಕೆ ಬಸ್ ನಿಲ್ದಾಣದಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತರೆ ಖಂಡಿತ ಕೇಳುತ್ತಾರೆ. ಗೋಣಿತಟ್ಟಿನಲ್ಲಿ ಸುತ್ತಿ ಚೀಲದ ತಳದಲ್ಲಿಡಿ.

ಕಾಡಿನ ಮಾತು ಇನ್ನೂ ಬಿಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಂ ಪ್ರಕಾರ ಅಭಯಾರಣ್ಯದೊಳಗೆ ಲಿಖಿತ ಅನುಮತಿಯಿಲ್ಲದೆ ಆಯುಧ ಒಯ್ಯುವಂತಿಲ್ಲ. ಆಯುಧ ಎಂಬುದರಲ್ಲಿ ಚಾಕುವೂ ಸೇರಿದೆ. ಖಾನಾಪುರ ತಾಲ್ಲೂಕಿನ ಭೀಮಗಡ 2011ರಿಂದ ವನ್ಯಜೀವಿಧಾಮ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮಕ್ಕೂ ಇದೇ ಕಾನೂನು. ಕೊಯ್ತಾ ಹಿಡಿದು ತಂಗುವ ಹುಕಿ ಇದ್ದರೆ ಪರಿಚಯದವರ ತೋಟ ಹುಡುಕಿ.

ಮನೆಗೆ ತಂದ ಮೇಲೆ

ಹೊಸ ಕೊಯ್ತಾದ ಬಾಯಿ ಒರಟಾಗಿಯೇ ಇರುತ್ತದೆ, ಅದನ್ನು ಪೂರ್ತಿ ಮಾಡುವುದು ನಿಮ್ಮ ಕೆಲಸ. 8 ಇಂಚಿನ ಚಪ್ಪಟೆ ಅರ ಸಾಕು. ಕೋನ ಎಷ್ಟಿರಬೇಕು? ಈ ಪುಟದ ಮೂಲೆಯನ್ನು ಎರಡು ಸಲ ಸರಿಯಾಗಿ ಅರ್ಧಕ್ಕೆ ಮಡಚಿ. 90 ಡಿಗ್ರಿ ಮೊದಲು 45 ಆಗುತ್ತದೆ, ಆಮೇಲೆ 22.5. ಅಲಗಿಗೂ ಅರಕ್ಕೂ ನಡುವೆ ಅಷ್ಟೇ ಎಡೆಯಿರಲಿ, ಎರಡೂ ಕಡೆ. ಕೊಯ್ತಾವನ್ನು ಹಲಗೆಗೆ ಬಿಗಿದು ಅರವನ್ನು ಮುಂದಕ್ಕೆ ಮಾತ್ರ ಒತ್ತಿ ತಳ್ಳಿ, ಹಿಂದಕ್ಕೆ ಬರುವಾಗ ಎತ್ತಿಕೊಳ್ಳಿ. ಎದುರು ಬದಿಯಲ್ಲಿ ಬೆರಳಿಗೆ ಸಣ್ಣ ಒರಟು ತಾಗಿದ ಮೇಲೆ ಬದಿ ಬದಲಿಸಿ. ಕೊನೆಗೆ ಸಾಣೆಕಲ್ಲಿನಲ್ಲಿ ನಾಲ್ಕು ಸಲ ಎಳೆದರೆ ಆಯಿತು. ಕಾಗದ ಕೊಯ್ಯುವಷ್ಟು ಹರಿತ ಕೊಯ್ತಾಕ್ಕೆ ಬೇಡ, ಆ ಬಾಯಿ ಮರದಲ್ಲಿ ನಿಲ್ಲುವುದಿಲ್ಲ.

ಕಡಿದಾದ ಮೇಲೆ ಗಿಡದ ಹಾಲು, ಕಬ್ಬಿನ ರಸವನ್ನು ಅಂದೇ ಒರೆಸಿ ಎಣ್ಣೆ ಸವರಬೇಕು. ಇಲ್ಲಿ ನಮ್ಮ ಕಡೆಯವರು ಎಡವುವುದುಂಟು. ಮನೆಯಲ್ಲಿರುವುದು ಕುಸುಬೆ ಎಣ್ಣೆ, ಅದನ್ನೇ ಹಚ್ಚುತ್ತಾರೆ. ಕುಸುಬೆ, ಅಗಸೆ ಎಣ್ಣೆಗಳು ಗಾಳಿಗೆ ಒಣಗಿ ಅಂಟಾಗುತ್ತವೆ. ಮರದ ಹಿಡಿಕೆಗೆ ಅದು ಒಳ್ಳೆಯ ಲೇಪ, ಅಲಗಿಗೆ ಜಿಗುಟು. ಅಲಗಿಗೆ ಕೊಬ್ಬರಿ ಎಣ್ಣೆಯೋ ಹೊಲಿಗೆ ಯಂತ್ರದ ಎಣ್ಣೆಯೋ ಇರಲಿ. ಚರ್ಮದ ಒರೆಯಲ್ಲಿ ದೀರ್ಘಕಾಲ ಇಡಬೇಡಿ, ಅದು ತೇವ ಹಿಡಿದಿಡುತ್ತದೆ. ಎರಡು ತೆಳು ಹಲಗೆ ಜೋಡಿಸಿ ಮಾಡಿದ ಮರದ ಒರೆ ಚೆನ್ನ.

ಖಂಡೇಪೂಜೆಯ (ಆಯುಧಪೂಜೆಯ) ಮರುದಿನವೂ ಇದೇ ನಿಯಮ. ಕಳೆದ ವರ್ಷ ನಾನು ಪೂಜೆ ಮುಗಿಸಿ, ಲಿಂಬೆಹಣ್ಣು ಕೊಯ್ದು, ನೀರು ಬೆರೆಸಿ ಹಚ್ಚಿದ ವಿಭೂತಿಯ ಸಮೇತ ಕೊಯ್ತಾವನ್ನು ಹಾಗೆಯೇ ಎತ್ತಿಟ್ಟಿದ್ದೆ. ಎಷ್ಟು ಉಜ್ಜಿದರೂ ಅಲಗಿನ ಮೇಲೆ ಮೂರು ಬೆರಳಿನ ಕಂದು ಗೆರೆ ಇನ್ನೂ ಇದೆ.