ಇಲ್ಲದ ಕಾಯಿಲೆ ಹೊತ್ತ ಮಗು: ಗುರುತಿಸುವುದು, ಬರೆದಿಡುವುದು, ತಿಳಿಸುವುದು

ಸಾಕುವವರೇ ಮಗುವಿಗೆ ಇಲ್ಲದ ಕಾಯಿಲೆ ಹೇಳುವುದು, ಕೆಲವೊಮ್ಮೆ ತಾವೇ ಬರಿಸುವುದು ಅಪರೂಪ, ಆದರೆ ಉಂಟು. 1977ರಲ್ಲಿ ಇಂಗ್ಲೆಂಡಿನ ಮಕ್ಕಳ ವೈದ್ಯ ರಾಯ್ ಮೆಡೋ ಇದನ್ನು ‘ಮುಂಚೌಸನ್ ಸಿಂಡ್ರೋಮ್ ಬೈ ಪ್ರಾಕ್ಸಿ’ ಎಂದು ಕರೆದರು. ಕೇರಳ-ಕರ್ನಾಟಕ ಗಡಿಯ ನಮ್ಮ ಮಂಜೇಶ್ವರ, ಕುಂಬಳೆ ಕಡೆ ಇದು ಅಡಗಲು ದಾರಿ ಸುಲಭ: ಜ್ವರಕ್ಕೆ ಕಾಸರಗೋಡು, ಫಿಟ್ಸಿಗೆ ಮಂಗಳೂರು. ಒಂದು ಕಡೆಯ ಚೀಟಿ ಇನ್ನೊಂದು ಕಡೆ ತೆರೆಯುವುದೇ ಇಲ್ಲ.

ಹಾಗಾಗಿ ಮೊದಲು ಎಲ್ಲ ಚೀಟಿ ಸೇರಿಸಿ ಒಂದು ಪಟ್ಟಿ ಮಾಡಿ. ಉದ್ದದ ಪುಸ್ತಕದಲ್ಲಿ ಐದು ಕಾಲಂ: ದಿನಾಂಕ-ಗಂಟೆ, ಹೇಳಿದ್ದೇನು, ಕಣ್ಣಾರೆ ಕಂಡವರಾರು, ಪರೀಕ್ಷೆಯಲ್ಲಿ ಬಂದದ್ದೇನು, ಆಗ ಮಗುವಿನ ಹತ್ತಿರ ಇದ್ದವರಾರು. ‘ಫಿಟ್ಸ್ ಬಂತು’ ಎಂದು ಬರೆಯಬೇಡಿ. ‘ರಾತ್ರಿ 2ಕ್ಕೆ ಫಿಟ್ಸ್ ಬಂತೆಂದು ತಾಯಿ ಹೇಳಿದರು, ನರ್ಸ್ ಕಂಡಿಲ್ಲ’ ಎಂದು ಬರೆಯಿರಿ. ನಾಲ್ಕು ಪುಟ ತುಂಬುವಾಗ ಕೊನೆಯ ಕಾಲಮಿನಲ್ಲಿ ಒಂದೇ ಹೆಸರು ಕಾಣುತ್ತದೋ ನೋಡಿ.

ಮಲಯಾಳಿ ವೈದ್ಯರಿಗೆ ತುಳು ಮಗುವಿನ ಮಾತನ್ನು ಸಾಕುವವರೇ ಅನುವಾದಿಸಿ ಹೇಳುವುದು ಇಲ್ಲಿ ಮಾಮೂಲು. ಸಂಶಯ ಇರುವಲ್ಲಿ ಆ ಕೆಲಸವನ್ನು ಬೇರೆಯವರಿಗೆ ಕೊಡಿ.

ಮಾದರಿ ತೆಗೆಯುವ ಹೊತ್ತೂ ಮುಖ್ಯ. ಸಕ್ಕರೆ ತೀರಾ ಕುಸಿದ ಮಗುವಿಗೆ ಗ್ಲೂಕೋಸ್ ತಡಮಾಡುವಂತಿಲ್ಲ. ಸೂಜಿ ಹಾಕಿದ ಕೂಡಲೇ ರಕ್ತ ಎಳೆದು, ಆಮೇಲೆ ಗ್ಲೂಕೋಸ್ ಬಿಡಿ. ಇನ್ಸುಲಿನ್ ಹೆಚ್ಚು, ದೇಹ ತಾನೇ ಇನ್ಸುಲಿನ್ ತಯಾರಿಸುವಾಗ ಜೊತೆಗೆ ಬರುವ ಸಿ-ಪೆಪ್ಟೈಡ್ ಕಮ್ಮಿ ಇದ್ದರೆ ಅದು ಹೊರಗಿನಿಂದ ಚುಚ್ಚಿದ ಇನ್ಸುಲಿನ್ ಎಂದು ಬಲವಾಗಿ ಶಂಕಿಸಬೇಕು. ಮೂತ್ರದಲ್ಲಿ ರಕ್ತ ಎಂಬ ದೂರಿದ್ದರೆ ನರ್ಸ್ ಎದುರಲ್ಲೇ ಮೂತ್ರ ಹಿಡಿಯಲಿ.

ಆದರೆ ಆಸ್ಪತ್ರೆ ಆಸ್ಪತ್ರೆ ಸುತ್ತುವ ತಾಯಿಯೆಲ್ಲ ಸುಳ್ಳುಗಾತಿಯಲ್ಲ. ಎಂಡೋಸಲ್ಫಾನ್ ಕೀಟನಾಶಕದ ಹಾವಳಿ ಕಂಡ ಎಣ್ಮಕಜೆಯಂಥ ಊರಿನಲ್ಲಿ ಹೆಸರು ಸಿಗದ ಕಾಯಿಲೆ ಹಿಡಿದು ವರ್ಷಗಟ್ಟಲೆ ಅಲೆದವರಿದ್ದಾರೆ. ಅಲೆದಾಟ ಒಂದೇ ಪುರಾವೆಯಾಗದು. ಹೇಳಿಕೆಗೂ ಕಂಡದ್ದಕ್ಕೂ ಮತ್ತೆ ಮತ್ತೆ ತಾಳೆಯಾಗದಿರುವುದೇ ಲಕ್ಷಣ.

ಸಾಕುವವರನ್ನು ನೇರ ಕೇಳಲೇಬೇಡಿ. ಮಗುವನ್ನು ಬಿಡಿಸಿಕೊಂಡು ತಲಪಾಡಿ ಗಡಿ ದಾಟಿಬಿಡಬಹುದು, ಇಲ್ಲವೇ ಕಾಯಿಲೆ ನಿಜವೆಂದು ತೋರಿಸಲು ಇನ್ನೂ ಕೆಡಿಸಬಹುದು. ಹಿರಿಯ ಮಕ್ಕಳ ತಜ್ಞರಿಗೆ ಹೇಳಿ, ಮಕ್ಕಳ ಸಹಾಯವಾಣಿ 1098ಕ್ಕೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಿ. ಪ್ರಾಣಕ್ಕೆ ಅಪಾಯವಿದ್ದರೆ ತುರ್ತು ಸಂಖ್ಯೆ 112. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆಯರು ಪುರಾವೆಗಾಗಿ ಕಾಯಬೇಕಿಲ್ಲ, ಕಂಡದ್ದಷ್ಟೇ ಹೇಳಿದರೆ ಸಾಕು. ಮಗುವನ್ನು ಬೇರೆ ಇಡಬೇಕೋ ಎಂಬುದು ಸಮಿತಿಯ ತೀರ್ಮಾನ. ವಾಟ್ಸಾಪ್ ಗ್ರೂಪಿನಲ್ಲಿ ಮಗುವಿನ ಹೆಸರಾಗಲಿ ಫೋಟೋ ಆಗಲಿ ಬೇಡ.

ಈ ಪುಸ್ತಕವನ್ನು ಮಂಚದ ಬುಡದ ಕೇಸ್ ಶೀಟಿನ ಜೊತೆ ಇಡಬೇಡಿ. ಅದನ್ನು ಮೊದಲು ತೆರೆಯುವವರು ಅಲ್ಲೇ ಕೂತಿರುತ್ತಾರೆ.