ಬಾಕಿ ಹಣದ ಜಗಳವನ್ನು ನಾನು ಕಲಿಸುವ ರೀತಿ

ನಮ್ಮ ಕಾಲೇಜಿನ ಅಣಕು ವಿಶ್ವಸಂಸ್ಥೆಗೆ, ಅಂದರೆ ಒಂದೊಂದು ಗುಂಪು ಒಂದೊಂದು ದೇಶದ ಪರವಾಗಿ ವಾದಿಸುವ ಆಟಕ್ಕೆ, ವಿದ್ಯಾರ್ಥಿಗಳು ಯಾವಾಗಲೂ ಭದ್ರತಾ ಮಂಡಳಿಯನ್ನೇ ಕೇಳುತ್ತಾರೆ. ನಾನು ಐದನೇ ಸಮಿತಿ ಮಾಡಿಸುತ್ತೇನೆ. ಸಾಮಾನ್ಯ ಸಭೆಯ ದುಡ್ಡಿನ ಲೆಕ್ಕ ನೋಡುವ ಸಮಿತಿ ಅದು. ಕಾಲ 2000ದ ಡಿಸೆಂಬರ್.

ಹಿನ್ನೆಲೆ ಇಷ್ಟು. ಅಮೆರಿಕ ನೂರು ಕೋಟಿ ಡಾಲರಿಗೂ ಜಾಸ್ತಿ ವಂತಿಗೆ ಬಾಕಿ ಉಳಿಸಿಕೊಂಡಿದೆ ಅಂತ ವಿಶ್ವಸಂಸ್ಥೆಯ ಲೆಕ್ಕ. ಅದರಲ್ಲಿ 92.6 ಕೋಟಿ ತೀರಿಸಲು 1999ರಲ್ಲಿ ಅಮೆರಿಕದಲ್ಲಿ ಹೆಲ್ಮ್ಸ್-ಬೈಡನ್ ಕಾನೂನು (ಇಬ್ಬರು ಸೆನೆಟರುಗಳ ಹೆಸರಿನದು) ಬಂತು. ಮೂರು ಕಂತು, ಕಂತಿಗೊಂದಿಷ್ಟು ಷರತ್ತು. ಮುಖ್ಯವಾದದ್ದು, ಸಾಮಾನ್ಯ ಬಜೆಟ್ಟಿನಲ್ಲಿ ಅಮೆರಿಕದ ಪಾಲು ಶೇ. 25ರಿಂದ 22ಕ್ಕೆ ಇಳಿಯಬೇಕು.

ಮೊದಲು ವಿಶ್ವಸಂಸ್ಥೆಯ ಸನ್ನದಿನ 17 ಮತ್ತು 19ನೇ ವಿಧಿ ಓದಿಸುತ್ತೇನೆ. ವಂತಿಗೆ ದಾನವಲ್ಲ, ಕಟ್ಟಲೇಬೇಕಾದ ಹಣ. ಬಾಕಿ ಎರಡು ವರ್ಷದ ವಂತಿಗೆಯಷ್ಟಾದರೆ ಸಾಮಾನ್ಯ ಸಭೆಯಲ್ಲಿ ಮತ ಹಾಕುವ ಹಕ್ಕು ಹೋಗುತ್ತದೆ. ಆಮೇಲೆ ಎಲ್ಲರ ಕೈಗೆ ತಮ್ಮ ದೇಶದ ಪಾಲು ಬರೆದ ಚೀಟಿ ಕೊಟ್ಟು, ಒಟ್ಟು ನೂರಾಗಲೇಬೇಕು ಅನ್ನುತ್ತೇನೆ. ಅಮೆರಿಕ ಬಿಟ್ಟ ಆ ಮೂರು ಯಾರ ತಲೆಗೆ? ಅಲ್ಲಿಯವರೆಗೆ ಭಾಷಣ ಮಾಡುತ್ತಿದ್ದವರು ಕ್ಯಾಲ್ಕುಲೇಟರ್ ಹಿಡಿಯುತ್ತಾರೆ.

ಮತಕ್ಕೆ ಹಾಕಲು ನಾನು ಬಿಡುವುದಿಲ್ಲ. ಬಜೆಟ್ಟನ್ನು ಒಮ್ಮತದಿಂದ ತೀರ್ಮಾನಿಸುವ ರೂಢಿ ಗಟ್ಟಿಯಾದದ್ದು 1986ರಲ್ಲಿ. ಅದಕ್ಕೂ ಹಿಂದಿನ ವರ್ಷ ಅಮೆರಿಕ ಹಣ ತಡೆಹಿಡಿಯುವ ಕಾನೂನು ಮಾಡಿದ್ದೇ ಕಾರಣ. 1994ರಲ್ಲಿ ಹುಟ್ಟಿದ ವಿಶ್ವಸಂಸ್ಥೆಯ ಒಳ ತನಿಖಾ ಕಚೇರಿಯ ಹಿಂದೆಯೂ ಇಂಥದ್ದೇ ಒತ್ತಡವಿತ್ತು. ಆ ಕಚೇರಿ ಬೇಕಿತ್ತು, ಅದನ್ನು ಮಕ್ಕಳ ಮುಂದೆ ನಾನು ಒಪ್ಪಿಕೊಳ್ಳುತ್ತೇನೆ.

ಆದರೆ ಭಾರತದ ಗುಂಪಿನ ಜೊತೆ ಕೂತಾಗ ನನಗೆ ಸಿಟ್ಟು ಬರುತ್ತದೆ. ಬಾಕಿಯಿಂದ ಕೈ ಬರಿದಾದಾಗ ವಿಶ್ವಸಂಸ್ಥೆ ಶಾಂತಿಪಾಲನೆಯ ಖಾತೆಯಿಂದ ಹಣ ತೆಗೆದು ದಿನ ನೂಕುತ್ತಿತ್ತು. ಆ ಹಣ ಸೇರಬೇಕಿದ್ದದ್ದು ಸೈನಿಕರನ್ನು ಕಳಿಸಿದ ಭಾರತ, ಬಾಂಗ್ಲಾದೇಶ, ಪಾಕಿಸ್ತಾನದಂಥ ದೇಶಗಳಿಗೆ. ಅಂದರೆ ಶ್ರೀಮಂತ ದೇಶ ಬಾಕಿ ಕಟ್ಟದೆ ಇದ್ದದ್ದಕ್ಕೆ ಬಡ ದೇಶಗಳು ಕಾಯಬೇಕಾಯಿತು. ಸುಧಾರಣೆ ಬೇಕಿದ್ದರೆ ವಾದ ಮಾಡಿ ಗೆಲ್ಲಬೇಕು, ಕೊಡಬೇಕಾದ ಹಣ ಹಿಡಿದುಕೊಂಡು ಅಲ್ಲ ಅಲ್ವಾ?

ನಿಜವಾದ ಸಭೆಯಲ್ಲಿ ಅಮೆರಿಕದ ರಾಯಭಾರಿ ರಿಚರ್ಡ್ ಹೋಲ್‌ಬ್ರೂಕ್ ಒಂದೊಂದೇ ದೇಶವನ್ನು ಒಪ್ಪಿಸಿ 22 ಪಡೆದರು. ಬೇರೆ ದೇಶಗಳ 2001ರ ಬಜೆಟ್ ಆಗಲೇ ಸಿದ್ಧವಾಗಿತ್ತು. ಆ ಒಂದು ವರ್ಷದ ಕೊರತೆಗೆ ಉದ್ಯಮಿ ಟೆಡ್ ಟರ್ನರ್ 3.4 ಕೋಟಿ ಡಾಲರ್ ಕೊಟ್ಟರು. ಈ ದಾರಿ ವಿದ್ಯಾರ್ಥಿಗಳಿಗೆ ಸುಮ್ನೆ ಹೊಳೆಯುವುದಿಲ್ಲ, ಕೊನೆಯ ಸುತ್ತಿನಲ್ಲಿ ನಾನೇ ಹೇಳುತ್ತೇನೆ. 58.2 ಕೋಟಿಯ ಎರಡನೇ ಕಂತು ಬಿಡುಗಡೆಯಾದದ್ದು 2001ರ ಸೆಪ್ಟೆಂಬರ್ 11ರ ದಾಳಿಯ ನಂತರ.

ಶಾಂತಿಪಾಲನೆಯ ಬಜೆಟ್ಟಿನಲ್ಲಿ ಮಾತ್ರ ಅಮೆರಿಕ ಕೇಳಿದ ಶೇ. 25ರ ಪಾಲು ಸಿಗಲಿಲ್ಲ, ಸುಮಾರು 27ಕ್ಕೆ ನಿಂತಿತು. ಈಚಿನ ವರ್ಷಗಳಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮತ್ತೆ 25ರ ಮಿತಿಗೆ ಅಂಟಿಕೊಂಡಿದ್ದರಿಂದ ನಡುವಿನ ವ್ಯತ್ಯಾಸ ಬಾಕಿಗೆ ಸೇರುತ್ತಾ ಬಂದಿದೆ. ಮುಂದಿನ ಸಭೆಗೆ ಆ ವಿಷಯವನ್ನೇ ಇಡುತ್ತಿದ್ದೇನೆ.